ರಸೀದಿ ಬೇಡ ಅಂದವರು

ಬೀದರ್ ಜಿಲ್ಲೆಯ ಒಂದು ಹಳ್ಳಿಯ ಮೆಥೋಡಿಸ್ಟ್ ಸಭೆಯಲ್ಲಿ, ಅಂದರೆ ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡದ ಚರ್ಚಿನಲ್ಲಿ, ನಡೆದದ್ದು ಇದು. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರೂ ಇಲ್ಲ. ಮೊತ್ತಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಆದರೆ ಕೂಡಿಸಿ ಕಳೆದರೆ ಲೆಕ್ಕ ಸರಿಹೋಗುತ್ತದೆ. ಬರೆಯುವ ಮುಂಚೆ ಸಂಬಂಧಪಟ್ಟ ನಾಲ್ವರನ್ನು ಕೇಳಿದೆ. ಮೂವರು ಹೂಂ ಅಂದರು. ನಾಲ್ಕನೆಯವರು "ನನ್ನ ಹೆಸರು ಹಾಕಿದ್ರೂ ನಡೀತದ, ಬರೀರಿ" ಅಂದರು. ಆ ನಾಲ್ಕನೆಯವರು ಯಾರು ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಿವೃತ್ತನಾದ ಮೇಲೆ ಸುತ್ತಲಿನ ಸಭೆಗಳ ಜಮಾ-ಖರ್ಚು ನೋಡಿಕೊಡುತ್ತೇನೆ. ಈ ಪ್ರಕರಣದಲ್ಲಿ ನಾನು ದೂರ ನಿಂತು ನೋಡಿದವನಲ್ಲ. ಬೆಂಕಿಗೆ ಮೊದಲ ಕಡ್ಡಿ ಗೀರಿದವನೇ ನಾನು.

ಹಿನ್ನೆಲೆ

ಸುಮಾರು 60 ಮನೆಗಳ ಸಭೆ. ಹೆಚ್ಚಿನವರದು ಕೂಲಿ. ಸೋಯಾ, ತೊಗರಿ ರಾಶಿಯ ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಉಳಿದ ದಿನ ಹುಡುಗರು ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಈ ಕಡೆಗೆ ಮಿಷನರಿಗಳು ಬಂದಾಗ ನಿಜಾಮರ ಆಳ್ವಿಕೆ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹೀಗಾಗಿ ಹಳಬರ ಬಾಯಲ್ಲಿ ಲೆಕ್ಕ ಅಂದರೆ ಇಂದಿಗೂ 'ಹಿಸಾಬು'.

ಮೆಥೋಡಿಸ್ಟ್ ಪದ್ಧತಿಯಲ್ಲಿ ಪಾಸ್ಟರ್‌ನನ್ನು ಸಭೆ ಆರಿಸಿಕೊಳ್ಳುವುದಿಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ ಹೆಸರು ಓದುತ್ತಾರೆ, ಓದಿದ ಊರಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕು. ಕೆಲವು ವರ್ಷ ಕಳೆದರೆ ಮತ್ತೆ ಬೇರೆ ಊರು. ಪಾಸ್ಟರ್ ನೆಂಟನ ಹಾಗೆ ಬಂದು ಹೋಗುತ್ತಾರೆ. ಊರಲ್ಲೇ ಇರುವ ಹಿರಿಯರೊಬ್ಬರು ಕಂಬದ ಹಾಗೆ ನಿಂತುಬಿಡುತ್ತಾರೆ. ಈ ಸಭೆಯಲ್ಲಿ ಆ ಕಂಬ ಮಾಸ್ತರು.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದುಡಿದು 2018ರಲ್ಲಿ ನಿವೃತ್ತರಾದವರು. 1999ರಿಂದ ಸಭೆಯ ಖಜಾಂಚಿ. ಗಂಟೆ ಹೊಡೆಯುವುದು, ಬೀಗದ ಕೈ, ಭಾನುವಾರದ ಮಕ್ಕಳ ಶಾಲೆ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ, ಎಲ್ಲಾ ಅವರೇ. ಏಳು ಪಾಸ್ಟರ್‌ಗಳು ಅವರ ಕಣ್ಣೆದುರಿಗೆ ಬಂದು ಹೋದರು. ಯಾರನ್ನು ಕೇಳಿದರೂ ಒಂದೇ ಮಾತು: "ಭಾಳ ತಗ್ಗಿ ನಡೀತಾರ."

ನಿಜವೇ. ಜಮಖಾನೆಯ ತುದಿಯಲ್ಲಿ ಕೂರುತ್ತಿದ್ದರು. ಕ್ರಿಸ್ಮಸ್ ಊಟದಲ್ಲಿ ಎಲ್ಲರದೂ ಆದ ಮೇಲೆ ತಾವೇ ಬಡಿಸಿಕೊಂಡು ನಿಂತೇ ಉಣ್ಣುತ್ತಿದ್ದರು. ಬೇರೆಯವರು ಬಡಿಸಲು ಬಂದರೆ ಬಿಡುತ್ತಿರಲಿಲ್ಲ. ಇದನ್ನು ನಾನು ಎಷ್ಟೋ ವರ್ಷ ನೋಡಿದ್ದೆ, ಮೆಚ್ಚಿದ್ದೆ. ಅದರ ಇನ್ನೊಂದು ಮಗ್ಗುಲು ಕಾಣಲು ಈ ಪ್ರಕರಣವೇ ಆಗಬೇಕಾಯಿತು.

ಗಂಟು ಬಿದ್ದದ್ದು

2019ರಲ್ಲಿ ಚರ್ಚಿನ ತಗಡು ತೆಗೆದು ಸ್ಲ್ಯಾಬ್ ಹಾಕಿಸಿದರು. ಮಳೆಗಾಲ ಬಂದರೆ ಪುಲ್ಪಿಟ್ಟಿನ, ಅಂದರೆ ಬೋಧನೆಯ ಪೀಠದ, ಮೇಲೇ ಸೋರುತ್ತಿತ್ತು. ಕೆಲಸ ಚೆನ್ನಾಗಾಯಿತು. ಮರುವರ್ಷ ಲಾಕ್‌ಡೌನ್. ಆರಾಧನೆ ನಿಂತಿತು, ಕಾಣಿಕೆಯೂ ನಿಂತಿತು. ಆದರೆ ಕರೆಂಟ್ ಬಿಲ್ಲಾಗಲಿ ಪಾಸ್ಟರ್‌ಗೆ ಕೊಡಬೇಕಾದ್ದಾಗಲಿ ಒಂದು ತಿಂಗಳೂ ತಪ್ಪಲಿಲ್ಲ. ಹೇಗೆ ಅಂತ ಯಾರೂ ಕೇಳಲಿಲ್ಲ. ಮಾಸ್ತರು ಇದ್ದಾರಲ್ಲ.

2022ರಲ್ಲಿ ಹೊಸ ಪಾಸ್ಟರ್ ಬಂದರು. ಚಿಕ್ಕ ವಯಸ್ಸು, ಮೊದಲ ಸಭೆ. ಬಂದ ಎರಡನೇ ತಿಂಗಳಲ್ಲಿ ಮೂರು ಮಾತು ಹೇಳಿದರು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಪ್ರತಿ ತಿಂಗಳ ಹಿಸಾಬು ಬಾಗಿಲಿಗೆ ಅಂಟಿಸೋಣ, ಖಜಾಂಚಿ ಬದಲಾಗಲಿ. ಮೂರೂ ಸರಿಯಾದ ಮಾತೇ. ಬಿ.ಕಾಂ. ಓದಿ ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಖಜಾಂಚಿಯಾದ. ಅವನು ಮಾಸ್ತರ ಕೈಯಲ್ಲೇ ಅಕ್ಷರ ಕಲಿತವನು. ಅದೇ ಸಂಜೆ ಮಾಸ್ತರು ತಗಡಿನ ಟ್ರಂಕು, ಪುಸ್ತಕ, ಬೀಗದ ಕೈ ಗೊಂಚಲು ಎಲ್ಲಾ ಅವನ ಮನೆಗೆ ತಾವೇ ಹೊತ್ತು ಮುಟ್ಟಿಸಿದರು. ಒಂದು ಮಾತೂ ಆಡಲಿಲ್ಲ. ಜನ ಹೊಗಳಿದರು. ಆ ರಾತ್ರಿ ಅವರು ಊಟ ಮಾಡಲಿಲ್ಲ ಅನ್ನುವುದು ನನಗೆ ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ.

ಅಕ್ಟೋಬರಿನಲ್ಲಿ ಪುಸ್ತಕ ನನ್ನ ಕೈಗೆ ಬಂತು. ಮಾಸ್ತರ ಅಕ್ಷರ ಅಚ್ಚು ಹಾಕಿದ ಹಾಗೆ. ಖರ್ಚಿನ ಒಂದೊಂದು ಚೀಟಿಯೂ ಇತ್ತು. ಸ್ಲ್ಯಾಬಿನ ಖರ್ಚು 9,40,000. ಜಮಾ 7,66,000. ನಡುವಿನ 1,74,000 ಎಲ್ಲಿಂದ ಬಂತು ಅಂತ ಬರೆದಿರಲಿಲ್ಲ. ಲಾಕ್‌ಡೌನಿನ ತಿಂಗಳುಗಳಲ್ಲೂ ಹೀಗೆಯೇ, ಅಲ್ಲಿ 38,000. ಒಟ್ಟು 2,12,000.

ಇಲ್ಲಿ ನಾನು ತಪ್ಪು ಮಾಡಿದೆ. ಮಾಸ್ತರನ್ನು ಒಬ್ಬರನ್ನೇ ಕರೆದು ಕೇಳಬೇಕಿತ್ತು. ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತ್ತು, ಬಾಗಿಲು ತೆರೆದಿತ್ತು, ಹೊರಗೆ ಜನ ಚಪ್ಪಲಿ ಹುಡುಕುತ್ತಿದ್ದರು. ನಾನು ಬ್ಯಾಂಕಿನ ದನಿಯಲ್ಲೇ ಕೇಳಿದೆ: "ಈ ಎರಡು ಲಕ್ಷ ಹನ್ನೆರಡು ಸಾವಿರದ ವಿವರ ಎಲ್ಲಿ?"

ಮಾಸ್ತರು ಹೇಳಿದ್ದು ಇಷ್ಟೇ: "ಯಾರೋ ಕೊಟ್ಟಾರ. ರಸೀದಿ ಬ್ಯಾಡ ಅಂದಾರ. ದೇವರಿಗೆ ಗೊತ್ತದ."

ಇದನ್ನು ಸರಿಯಾಗಿ ನೋಡಿ. ಹಣ ಕಡಿಮೆ ಬಿದ್ದಿರಲಿಲ್ಲ. ಜಮಾ ಆಗದ ಹಣ ಬಂದು ಖರ್ಚು ತೂಗಿಸಿತ್ತು. ಲೆಕ್ಕ ಗೊತ್ತಿದ್ದವರಿಗೆ ಇದು ಕಳ್ಳತನ ಅಲ್ಲ ಅಂತ ತಟ್ಟನೆ ತಿಳಿಯುತ್ತದೆ. ಆದರೆ ಚಾದ ಹೋಟೆಲಿನಲ್ಲಿ ಲೆಕ್ಕ ಯಾರಿಗೆ ಬೇಕು? ಎರಡು ದಿನದಲ್ಲಿ "ಎರಡು ಲಕ್ಷದ ಹಿಸಾಬು ಹತ್ತವಲ್ದಂತ" ಆಯಿತು. ಸಂತೆಯ ದಿನ ಬರುವ ಹೊತ್ತಿಗೆ ಅದು "ತಿಂದಾರ" ಆಗಿತ್ತು.

ಮಾಡಿ ನೋಡಿದ್ದು

ಮೊದಲಿಗೆ ಪಾಸ್ಟರ್ ಪುಲ್ಪಿಟ್ ಹತ್ತಿದರು. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ, ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದ ಭಾಗ. ನಲವತ್ತು ನಿಮಿಷ ದೀನತೆಯ ಮೇಲೆ ಬೋಧನೆ. ಅಧಿಕಾರ ಬಿಟ್ಟುಕೊಡುವವನೇ ನಿಜವಾದ ಸೇವಕ ಅಂದರು. ಹೆಸರು ಹೇಳಲಿಲ್ಲ, ಆದರೆ ಎಲ್ಲರ ಕತ್ತೂ ಜಮಖಾನೆಯ ತುದಿಗೆ ತಿರುಗಿತು. ಮುಂದಿನ ಭಾನುವಾರ ಮಾಸ್ತರ ಜಾಗ ಖಾಲಿ.

ದೀನತೆ ಬೋಧಿಸಲೇಬೇಕು, ಅಲ್ವಾ? ಹೌದು. ಆದರೆ ಇನ್ನೊಬ್ಬರ ಕುರ್ಚಿ ಖಾಲಿಯಾದರೆ ಯಾರಿಗೆ ಅನುಕೂಲವೋ ಅವರೇ ದೀನತೆ ಬೋಧಿಸಿದರೆ ಅದು ಬೇರೆಯೇ ಕೇಳಿಸುತ್ತದೆ. ಪಾಸ್ಟರ್ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಅಂತ ನಾನು ನಂಬುತ್ತೇನೆ. ಅವರಿಗೆ ವಯಸ್ಸು ಸಾಲದು, ಅಷ್ಟೇ.

ಆಮೇಲೆ ಮೂರು ಶುಕ್ರವಾರ ಉಪವಾಸ ಪ್ರಾರ್ಥನೆ. ಇದರ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಇಷ್ಟವಿಲ್ಲ. ಆದರೂ ಹೇಳಬೇಕು. ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳದೆ ತಪ್ಪಿಸಿಕೊಳ್ಳಲು ನಾವು ಆಗ ಪ್ರಾರ್ಥನೆಯ ಹಿಂದೆ ಅಡಗಿದ್ದೆವು.

ಡಿಸೆಂಬರಿನಲ್ಲಿ ನಾನೇ ಮಾಸ್ತರ ಮನೆಗೆ ಹೋದೆ. ಅವರು ಹೊಲಕ್ಕೆ ಹೋಗಿದ್ದರು. ಅವರ ಹೆಂಡತಿ ಪಡಸಾಲೆಯಲ್ಲಿ ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದರು. ನಾನು ಅವರನ್ನು ವೈನಿ ಅನ್ನುತ್ತೇನೆ. ಕೂತೆ. ಸುಮ್ನೆ ಮಳೆ-ಬೆಳೆ ಮಾತಾಡಿದೆವು. ಮಧ್ಯದಲ್ಲಿ ಅವರು ಬೇಳೆಯಿಂದ ಕಣ್ಣೆತ್ತದೆ ಅಂದರು:

"ಅಣ್ಣಾ, ಆ ದುಡ್ಡು ಯಾರು ಕೊಟ್ಟಾರ ಅಂತ ಊರಿಗೆಲ್ಲಾ ಕೇಳಕತ್ತೀರಿ. ನನ್ನ ಕೈ ನೋಡ್ರಿ."

ನೋಡಿದೆ. ಗಾಜಿನ ಬಳೆ ಎರಡು ಇದ್ದವು.

"ಎರಡು ಬಂಗಾರದ ಪಾಟ್ಲಿ ಇದ್ವು. ನಮ್ಮವ್ವ ಹಾಕಿದ್ದು. ತೊಗರಿ ಬರತನ ಅಡ ಇಡ್ತೀನಿ ಅಂದಿದ್ರು. ಮಾರಿ ಬಂದ್ರು. ಉಳಿದದ್ದು ರಿಟೈರ್ ಆದಾಗ ಬಂದ ದುಡ್ಡು."

ಮೊರ ಎರಡು ಸಲ ಝಾಡಿಸಿದರು. ಹೊಟ್ಟು ಹಾರಿತು.

"ಅವರು ದೇವರಿಗೆ ಒಪ್ಪಿಸಿದ್ರು. ಒಳ್ಳೇದಾತು. ನನ್ನ ಕೇಳಿದ್ರ ನಾನೂ ಒಪ್ಪಿಸ್ತಿದ್ನೇನೋ. ಕೇಳಲಿಲ್ಲಲ್ಲ."

ಈ ಮಾತು ಕೇಳಿದ ಮೇಲೆ ನನ್ನ ಲೆಕ್ಕವೇ ಬುಡಮೇಲಾಯಿತು. ಅಲ್ಲಿಯವರೆಗೆ ಇದು ಒಬ್ಬ ದೊಡ್ಡ ಮನುಷ್ಯನಿಗೆ ಸಣ್ಣವರು ಮಾಡಿದ ಅನ್ಯಾಯ ಅಂದುಕೊಂಡಿದ್ದೆ. ಅನ್ಯಾಯ ಆಗಿತ್ತು, ನಿಜ. ಆದರೆ ಆ ದೊಡ್ಡ ಮನುಷ್ಯನ ಮನೆಯೊಳಗೇ ಇನ್ನೊಂದು ಆಗಿತ್ತು. ತನ್ನದನ್ನು ಒಪ್ಪಿಸುವುದು ಒಂದು. ಹೆಂಡತಿಯದನ್ನು ಕೇಳದೆ ಒಪ್ಪಿಸುವುದು ಇನ್ನೊಂದು. ಎರಡಕ್ಕೂ ನಾವು 'ಸಮರ್ಪಣೆ' ಅಂತಲೇ ಹೆಸರಿಟ್ಟಿದ್ದೆವು.

ಸಂಜೆ ಮಾಸ್ತರು ಬಂದರು. ನಾನು ತಿಳಿದದ್ದನ್ನು ಹೇಳಿದೆ, ಸಭೆಯಲ್ಲಿ ಹೇಳಿಬಿಡಿ ಅಂದೆ. ಅವರು ಒಪ್ಪಲಿಲ್ಲ. "ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಬೈಬಲಿನಾಗೇ ಅದ, ಬ್ಯಾಂಕ್ ಸಾಹೇಬ್ರ." ನಾನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯ ತೆಗೆದೆ. ಯೆರೂಸಲೇಮಿನ ಬಡವರಿಗೆ ಕಾಣಿಕೆ ಒಯ್ಯುವಾಗ ಪೌಲ ಒಬ್ಬನೇ ಒಯ್ಯಲಿಲ್ಲ, ಜೊತೆಗೆ ಜನರನ್ನು ಹಾಕಿಕೊಂಡ. ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಕಾರಣವನ್ನೂ ಬರೆದ. ಮಾಸ್ತರು ಓದಿದರು, ಪುಸ್ತಕ ಮುಚ್ಚಿದರು, ಚಾ ತರಿಸಿದರು. ಎಡಗೈಯಲ್ಲಿ ಪಾಟ್ಲಿ ಇತ್ತಲ್ಲ ಸರ್ ಅಂತ ಕೇಳಬೇಕೆನಿಸಿತು. ಧೈರ್ಯ ಬರಲಿಲ್ಲ.

ಅವರ ಒಪ್ಪಿಗೆ ಇಲ್ಲದೆ ನಾನೇ ಹೋಗಿ ಹೇಳಬಹುದಿತ್ತೇ? ಹೇಳಿದ್ದರೆ ಅವರ ಹೆಸರು ತೊಳೆದು ಹೋಗುತ್ತಿತ್ತು. ಆದರೆ ವೈನಿ ಮನೆಯ ಮಾತು ಅಂತ ಹೇಳಿದ್ದರು. ಎರಡು ತಿಂಗಳು ಬಾಯಿ ಕಟ್ಟಿಕೊಂಡು ಕೂತೆ. ಇವತ್ತಿಗೂ ಇದರ ಬಗ್ಗೆ ನನ್ನದು ಎರಡು ಮನಸ್ಸು.

ಒಡಂಬಡಿಕೆಯ ಆರಾಧನೆ

ಜನವರಿಯ ಮೊದಲ ಭಾನುವಾರ ಈ ಸಭೆಯಲ್ಲಿ ಒಡಂಬಡಿಕೆಯ ಆರಾಧನೆ, ಅಂದರೆ ನಮ್ಮನ್ನು ದೇವರಿಗೆ ಒಪ್ಪಿಸಿದ ಮಾತನ್ನು ಮತ್ತೆ ಹೊಸದು ಮಾಡುವ ಆರಾಧನೆ. ಮೆಥೋಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಇಂಥ ಆರಾಧನೆ ಮೊದಲು ನಡೆಸಿದರು. ಅದರ ಪ್ರಾರ್ಥನೆಯಲ್ಲಿ ಒಂದು ಕಠಿಣ ಜಾಗ ಇದೆ. ನಿನಗಾಗಿ ನನ್ನನ್ನು ಕೆಲಸಕ್ಕೆ ಹಚ್ಚು, ಇಲ್ಲವೇ ನಿನಗಾಗಿ ನನ್ನನ್ನು ಪಕ್ಕಕ್ಕಿಡು ಅನ್ನುವ ಅರ್ಥದ ಮಾತು. ಪ್ರತಿವರ್ಷ ಎಲ್ಲರೂ ಗಡಗಡ ಓದಿ ಮುಗಿಸುತ್ತೇವೆ.

ಆ ವರ್ಷ ಮಾಸ್ತರು ಬಂದಿದ್ದರು. ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಆ ಸಾಲು ಬಂದಾಗ ಅವರ ತುಟಿ ಆಡಲಿಲ್ಲ. ಮುಂದಿನ ಸಾಲಿಗೆ ಮತ್ತೆ ಸೇರಿಕೊಂಡರು. ಹೊರಗೆ ಬಂದ ಮೇಲೆ ನಾನು ಕೇಳದೇ ಅವರೇ ಹೇಳಿದರು: "ಆ ಮಾತು ಅಂದಿದ್ರ ಸುಳ್ಳಾಗ್ತಿತ್ತು."

ನನ್ನ ಮಟ್ಟಿಗೆ ಈ ಪ್ರಕರಣದ ತಿರುವು ಅದು. ಕಮಿಟಿಯಲ್ಲಿ ಆದದ್ದು ಅದರ ಬಾಲ. ಟ್ರಂಕು ಹೊತ್ತು ಕೊಟ್ಟ ಸಂಜೆ ಎಲ್ಲರೂ ಅವರ ದೀನತೆ ಕಂಡೆವು ಅಂದುಕೊಂಡಿದ್ದೆವು. ಆ ದಿನ ಅವರು ಹಲ್ಲು ಕಚ್ಚಿಕೊಂಡಿದ್ದರು, ಅಷ್ಟೇ. ಬಾಯಿ ತೆರೆಯಲಾಗದೆ ಗೋಡೆಗೆ ಒರಗಿ ನಿಂತದ್ದೇ ದೀನತೆಗೆ ಹತ್ತಿರ ಇತ್ತು.

ಫೆಬ್ರವರಿಯ ಕಮಿಟಿ

ಈ ಸಲ ಬಾಗಿಲು ಮುಚ್ಚಿತ್ತು. ಒಂಬತ್ತು ಜನ. ಸ್ತ್ರೀಯರ ಸಂಘದ ಪರವಾಗಿ ಒಬ್ಬ ಅಜ್ಜಿ. ಕಳೆ ಕೀಳುವ ಕೂಲಿ, ಮನೆಯಲ್ಲಿ ನಾಲ್ಕು ಕೋಳಿ. ಸುಗ್ಗಿ ಹಬ್ಬದ ಲಿಲಾವಿಗೆ (ಹರಾಜಿಗೆ) ತತ್ತಿ ತರುತ್ತಾರೆ, ಅವನ್ನೇ ಕೂಗಿ ಕೊಂಡು ಮನೆಗೆ ಒಯ್ಯುತ್ತಾರೆ. ಖಜಾಂಚಿ ಹುಡುಗ ಅದೇ ಪ್ರಶ್ನೆ ಕೇಳಿದ, ಈ ಬಾರಿ ಮೆತ್ತಗೆ. ಮಾಸ್ತರು ಅದೇ ಉತ್ತರ ಕೊಟ್ಟರು. ಯಾರೋ ಕೊಟ್ಟಾರ, ರಸೀದಿ ಬ್ಯಾಡ ಅಂದಾರ.

ಅಜ್ಜಿ ಸೆರಗಿನ ಗಂಟು ಬಿಚ್ಚಿ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ರಸೀದಿಗಳ ಕಟ್ಟು, ಅಂಚು ಸವೆದು ಬಟ್ಟೆಯಂತಾಗಿದ್ದವು. "ನಾ ಹತ್ತು ರೂಪಾಯಿ ಹಾಕಿದ್ರೂ ರಸೀದಿ ಇಸ್ಕೋತೀನಿ. ನನಗ ಓದಾಕ ಬರಲ್ಲ, ಆದ್ರೂ ಇಸ್ಕೋತೀನಿ. ನನಗ ಬೇಕಾದ ರಸೀದಿ ಬ್ಯಾಡ ಅನ್ನೋವಷ್ಟು ದೊಡ್ಡಾವ ಯಾವನ್ರೀ ಅವ?"

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಚುಚ್ಚಲು ಆಡಿದ ಮಾತಲ್ಲ.

ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. "ನಾನೇ" ಅಂದರು.

ಪಾಸ್ಟರ್ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಹೊಗಳಲಿಲ್ಲ. ಸ್ತೋತ್ರ ಹೇಳಿಸಲಿಲ್ಲ. "ಯಾಕ್ ಹೇಳಲಿಲ್ಲ ಸರ್?" ಅಂತ ಮಾತ್ರ ಕೇಳಿದರು. ಮಾಸ್ತರು ಬಹಳ ಹೊತ್ತು ಬಿಟ್ಟು ಹೇಳಿದರು: "ಹೇಳಿದ್ರ ಕೊಟ್ಟಂಗ ಆಗಲ್ಲ ಅನ್ಕೊಂಡೆ. ಇನ್ನೊಂದದ. ನಿಮ್ಮ ಕಡೆ ಎಲ್ಲಿ ಇರ್ತದ ಅಂತ ಕೇಳಲೇ ಇಲ್ಲ."

"ನಮಗ ಅಷ್ಟು ಬಡವ್ರು ಅನ್ಕೊಂಡ್ರೇನು?" ಅಂದರು ಅಜ್ಜಿ. ದನಿಯಲ್ಲಿ ಸಿಟ್ಟಿತ್ತು. ಹತ್ತು ರೂಪಾಯಿಯವಳನ್ನು ನೂರು ಕೊಡು ಅಂತ ಯಾರೂ ಕೇಳದಿದ್ದರೆ ಅವಳಿಗೂ ಅದು ಅವಮಾನವೇ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ನನಗೆ ಆಗ ಹೊಸದಾಗಿ ಅರ್ಥವಾಯಿತು. ಕಾಲು ತೊಳೆದ ಯೇಸುವಿನ ಬಗ್ಗೆ ನೂರು ಬೋಧನೆ ಕೇಳಿದ್ದೇನೆ. ತೊಳೆಸಿಕೊಳ್ಳಲು ಒಲ್ಲೆ ಅಂದ ಪೇತ್ರನ ಬಗ್ಗೆ ಯಾರೂ ನಿಂತು ಮಾತಾಡುವುದಿಲ್ಲ. ಅವನ ಮಾತು ಎಷ್ಟು ದೀನವಾಗಿ ಕೇಳಿಸುತ್ತದೆ! ನೀನು ನನ್ನ ಕಾಲು ತೊಳೆಯುವುದೇ, ಎಂದಿಗೂ ಬೇಡ. ಹಾಗಾದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅಂತ ಉತ್ತರ ಬಂತು. ನಿಂತು ಉಣ್ಣುವ, ಬಡಿಸಿಕೊಳ್ಳದ, ರಸೀದಿ ಬೇಡದ ಮಾಸ್ತರು 23 ವರ್ಷ ಎಲ್ಲರ ಕಾಲು ತೊಳೆದಿದ್ದರು. ತಮ್ಮ ಕಾಲನ್ನು ಒಮ್ಮೆಯೂ ಚಾಚಿರಲಿಲ್ಲ. ಸಭೆಗೂ ಹಾಯಾಗಿತ್ತು. ತೂತು ಬಿದ್ದಲ್ಲೆಲ್ಲಾ ಒಬ್ಬರು ತುಂಬುತ್ತಿದ್ದರೆ ಉಳಿದವರು ಜೇಬು ಮುಟ್ಟಿ ನೋಡಿಕೊಳ್ಳುವುದಿಲ್ಲ.

ಏನು ತೀರ್ಮಾನವಾಯಿತು

ಕಲ್ಲಿನ ಮೇಲೆ ಹೆಸರು ಕೆತ್ತಿಸೋಣ ಅಂದರು ಒಬ್ಬರು. ಮಾಸ್ತರು ಎದ್ದು ಹೋಗಲು ನೋಡಿದರು, ಅದು ಬಿದ್ದುಹೋಯಿತು. ಪೂರ್ತಿ ಕಾಣಿಕೆ ಅಂತ ಬರೆದುಬಿಡೋಣ ಅಂದರು ಪಾಸ್ಟರ್. ಮಾಸ್ತರು ತಲೆ ಆಡಿಸಿದರು. ಆಗ ನಾನು ಬಾಯಿ ಬಿಟ್ಟೆ. ವೈನಿಯನ್ನು ಕೇಳದೆ ಯಾವುದನ್ನೂ ಬರೆಯುವುದು ಬೇಡ ಅಂದೆ. ಈ ಇಡೀ ಪ್ರಕರಣದಲ್ಲಿ ನಾನು ಸಮಯಕ್ಕೆ ಸರಿಯಾಗಿ ಹೇಳಿದ ಮಾತು ಇದೊಂದೇ.

ಕರೆಸಿದೆವು. ಅವರು ಬಾಗಿಲಲ್ಲೇ ನಿಂತು ಹೇಳಿದರು. ರಿಟೈರ್ ದುಡ್ಡು 1,52,000 ದೇವರಿಗೆ. ಪಾಟ್ಲಿಯ 60,000 ನನಗೆ ವಾಪಸ್ ಬೇಕು, ಒಮ್ಮೆಲೇ ಬೇಡ. ಯಾರೂ ಹೀಗೆ ಎಣಿಸಿರಲಿಲ್ಲ. ಒಬ್ಬ ಹಿರಿಯರು "ದೇವರಿಗೆ ಕೊಟ್ಟಿದ್ದು ತಿರುಗಿ ಕೇಳ್ತಾರೇನು" ಅಂದರು. ಅಜ್ಜಿ ಅವರ ಕಡೆ ಒಮ್ಮೆ ನೋಡಿದರು, ಅವರು ಸುಮ್ಮನಾದರು. 1,52,000ಕ್ಕೆ ಗಂಡ-ಹೆಂಡತಿ ಇಬ್ಬರ ಹೆಸರಿನಲ್ಲಿ ರಸೀದಿ. 60,000 ತಿಂಗಳಿಗೆ 2,000ದ ಹಾಗೆ 30 ಕಂತು, ಏಪ್ರಿಲ್ 2023ರಿಂದ. ಮುಂದಿನ ಭಾನುವಾರ ಪಾಸ್ಟರ್ ಸಭೆಯ ಮುಂದೆ ಇಡೀ ಹಿಸಾಬು ಓದಿದರು, ಅಕ್ಟೋಬರಿನ ಬೋಧನೆಗೆ ಕ್ಷಮೆ ಕೇಳಿದರು. ಬಾಗಿಲು ತೆರೆದು ಪ್ರಶ್ನೆ ಕೇಳಿದ್ದಕ್ಕೆ ನಾನೂ ಕೇಳಿದೆ.

ಎಲ್ಲಾ ಸರಿಹೋಗಲಿಲ್ಲ. "ತಿಂದಾರ" ಅಂದ ಹುಡುಗರಲ್ಲಿ ಒಬ್ಬ ಮಾಸ್ತರ ಮನೆಗೆ ಬಂದು ತಪ್ಪಾಯಿತು ಅಂದ, ಉಳಿದವರು ಬರಲಿಲ್ಲ. ಮಾಸ್ತರ ತಮ್ಮನ ಮನೆಯವರು ಪಕ್ಕದ ಊರಿನ ಬೇರೆ ಸಭೆಗೆ ಹೋದವರು ಇನ್ನೂ ತಿರುಗಿಲ್ಲ. ಕಾಂಪೌಂಡ್ ಗೋಡೆ ಅರ್ಧಕ್ಕೇ ನಿಂತಿದೆ. ಮಾಸ್ತರು ಇದ್ದಿದ್ದರೆ ಇಷ್ಟೊತ್ತಿಗೆ ಮುಗಿಯುತ್ತಿತ್ತು ಅಂತ ಜನ ಗೊಣಗುತ್ತಾರೆ. ಮುಗಿಯುತ್ತಿತ್ತು, ಖಂಡಿತ. ಯಾರ ದುಡ್ಡಿನಲ್ಲಿ ಅನ್ನುವುದೇ ಪ್ರಶ್ನೆ.

ವೆಸ್ಲಿ ಸಹ ಜೀವಮಾನವೆಲ್ಲಾ ತಮ್ಮ ಜಮಾ-ಖರ್ಚು ಬರೆದಿಟ್ಟವರು. 1790ರಲ್ಲಿ, ಸಾಯುವ ಹಿಂದಿನ ವರ್ಷ, ಇನ್ನು ಬರೆಯುವುದಿಲ್ಲ ಅಂತ ಪುಸ್ತಕ ಮುಚ್ಚಿದರು. ಇದನ್ನು ಮಾಸ್ತರಿಗೆ ಹೇಳಿದಾಗ ನಕ್ಕರು. "ಮುಚ್ಚೋದಕ್ಕೂ ಒಂದು ಹೊತ್ತು ಬೇಕಲ್ಲ, ಬ್ಯಾಂಕ್ ಸಾಹೇಬ್ರ." ಮರುವರ್ಷ ಒಡಂಬಡಿಕೆಯ ಆರಾಧನೆಯಲ್ಲಿ ಆ ಸಾಲು ಬಂದಾಗ ನಾನು ಅವರ ಕಡೆ ತಿರುಗಲಿಲ್ಲ. ನೋಡುವುದು ಸರಿಯಲ್ಲ ಅನ್ನಿಸಿತು.

ಇದನ್ನು ಬರೆಯುವಾಗ 22 ಕಂತು ಮುಗಿದಿವೆ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಖಜಾಂಚಿ ಹುಡುಗ 2,000 ರೂಪಾಯಿ, ವೋಚರ್ ಹಿಡಿದುಕೊಂಡು ಬರುತ್ತಾನೆ. ಒಂದು ಸಲ ನಾನೂ ಅಲ್ಲಿದ್ದೆ. ವೈನಿ ಶಾಲೆ ಕಲಿತದ್ದು ಕಡಿಮೆ, ಸಹಿ ಮಾಡಲು ಹೊತ್ತು ಹಿಡಿಯುತ್ತದೆ. ಒಂದೊಂದೇ ಅಕ್ಷರ, ಒತ್ತಿ ಒತ್ತಿ. ಮಾಸ್ತರು ಪೆನ್ನಿನ ಕ್ಯಾಪ್ ಕೈಯಲ್ಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಎರಡನೇ ಅಕ್ಷರದ ಒತ್ತು ಬಿಟ್ಟುಹೋಯಿತು. ಹುಡುಗ ಮಾಸ್ತರ ಮುಖ ನೋಡಿದ. ಮಾಸ್ತರು ಏನೂ ಅನ್ನಲಿಲ್ಲ. ವೈನಿ ತಾವೇ ನೋಡಿಕೊಂಡು, ಕೆಳಗೆ ಒತ್ತು ಬರೆದು, ಪೆನ್ನು ಅವರ ಕೈಗೆ ಕೊಟ್ಟರು. ಅವರು ಕ್ಯಾಪ್ ಹಾಕಿದರು.